ಹಳೆಯ ಅಮೆರಿಕನ್ ಕಾರಿಗೆ ಚಕ್ರ ಮತ್ತು ಟೈರುಗಳ ಆಯ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳಿಗೆ 1965 ಮತ್ತು 1966ರ ಫೋರ್ಡ್ ಮಸ್ಟ್ಯಾಂಗ್ ಮುಖ್ಯ ಉದಾಹರಣೆ. ಅಮೆರಿಕದಲ್ಲಿ ಹಳೆಯ ಕಾರನ್ನು ಮೊದಲ ಸಲ ಕೊಳ್ಳುವವರಲ್ಲಿ ಬಹಳ ಮಂದಿ ಇದೇ ಕಾರಿನಿಂದ ಆರಂಭಿಸುತ್ತಾರೆ, ಮತ್ತು ಚಕ್ರದ ಆಯ್ಕೆಯಲ್ಲಿ ಎದುರಾಗುವ ತೊಡಕುಗಳೆಲ್ಲ ಇದರಲ್ಲಿಯೇ ಕಾಣಸಿಗುತ್ತವೆ. ಷೆವ್ರೊಲೆ, ಪಾಂಟಿಯಾಕ್, ಡಾಡ್ಜ್, ಕ್ಯಾಡಿಲಾಕ್ ಕಾರುಗಳ ವಿಷಯವನ್ನು ಅಲ್ಲಲ್ಲಿ ಸೇರಿಸಲಾಗಿದೆ.

ಮೊದಲು ಚಕ್ರವನ್ನು ಆರಿಸಬೇಕೇ, ಟೈರನ್ನು ಆರಿಸಬೇಕೇ?

ಟೈರನ್ನು, ಅದರಲ್ಲಿಯೂ ಟೈರಿನ ಒಟ್ಟು ಎತ್ತರವನ್ನು. ಹೆಚ್ಚಿನವರು ಚಿತ್ರದಲ್ಲಿ ಕಂಡ ಚಕ್ರಕ್ಕೆ ಮನಸೋತು ಅದನ್ನು ಕೊಂಡು, ಆಮೇಲೆ ಅದಕ್ಕೆ ಹೊಂದುವ ಟೈರಿಗಾಗಿ ಹುಡುಕಾಡುತ್ತಾರೆ. ಹೀಗೆ ಮಾಡಿದಾಗ ಫೆಂಡರಿನ (ಚಕ್ರದ ಮೇಲಿನ ಮಡ್‌ಗಾರ್ಡಿನ) ಕಮಾನಿನಲ್ಲಿ ಟೈರು ಚಿಕ್ಕದಾಗಿ ಕಾಣುವುದು, ಇಲ್ಲವೇ ತಿರುವಿನಲ್ಲಿ ಉಜ್ಜುವುದು ಬಹುಪಾಲು ಖಚಿತ. ಕಾರನ್ನು ರೂಪಿಸಿದವರು ಒಂದು ನಿರ್ದಿಷ್ಟ ಎತ್ತರದ ಟೈರನ್ನು ಗಮನದಲ್ಲಿಟ್ಟುಕೊಂಡೇ ಕಮಾನಿನ ಗಾತ್ರ, ಹಿಂದಿನ ಆಕ್ಸಲ್ಲಿನ ಗೇರ್ ಅನುಪಾತ ಮತ್ತು ಸ್ಪೀಡೋಮೀಟರಿನ ಲೆಕ್ಕವನ್ನು ಹಾಕಿದ್ದರು. 1965ರ ವಿ8 (ಎಂಟು ಸಿಲಿಂಡರಿನ ಎಂಜಿನ್ ಇರುವ) ಮಸ್ಟ್ಯಾಂಗ್‌ಗೆ ಬರುತ್ತಿದ್ದ ಟೈರಿನ ಎತ್ತರ 25 ಇಂಚಿಗಿಂತ ತುಸು ಹೆಚ್ಚು. ಆದುದರಿಂದ ಆ ಕಾರಿಗೆ 25ರಿಂದ 26 ಇಂಚಿನೊಳಗಿನ ಟೈರನ್ನು ಗೊತ್ತುಮಾಡಿಕೊಂಡು, ಅದನ್ನು ಹೊರಬಲ್ಲ ರಿಮ್ಮಿನ ಅಗಲವನ್ನು ತಿಳಿದು, ಕೊನೆಯಲ್ಲಿ ಚಕ್ರದ ವಿನ್ಯಾಸಕ್ಕೆ ಬರುವುದು ಸರಿಯಾದ ಕ್ರಮ.

ಹಳೆಯ ಕೈಪಿಡಿಯಲ್ಲಿ 6.95-14 ಎಂದೋ ಎಫ್70-14 ಎಂದೋ ಇದೆ. ಇಂದಿನ ಅಳತೆಯಲ್ಲಿ ಇವು ಏನು?

6.95-14 ಎಂದರೆ 6.95 ಇಂಚು ಅಗಲದ, 14 ಇಂಚಿನ ರಿಮ್ಮಿಗೆ ಕೂರುವ ಟೈರು. ಆ ಕಾಲದ ಟೈರುಗಳ ಗೋಡೆಯ (ರಿಮ್ಮಿನಿಂದ ನೆಲ ತಾಕುವ ಮೈವರೆಗಿನ ಪಕ್ಕದ ಭಾಗದ) ಎತ್ತರ ಅಗಲದ ನೂರಕ್ಕೆ 80ಕ್ಕಿಂತ ತುಸು ಹೆಚ್ಚಿರುತ್ತಿದ್ದುದರಿಂದ ಅದನ್ನು ಬೇರೆಯಾಗಿ ಬರೆಯುವ ರೂಢಿ ಇರಲಿಲ್ಲ. 1960ರ ದಶಕದ ಕೊನೆಯಲ್ಲಿ ಅಕ್ಷರದ ಪದ್ಧತಿ ಬಂತು. ಎಫ್70-14ರಲ್ಲಿ ಎಫ್ ಎಂಬುದು ಟೈರು ಹೊರಬಲ್ಲ ಭಾರದ ದರ್ಜೆ, 70 ಎಂಬುದು ಅಗಲಕ್ಕೆ ಗೋಡೆಯ ಎತ್ತರದ ಶೇಕಡಾ ಪ್ರಮಾಣ. ಇಂದಿನ ಮಿಲಿಮೀಟರ್ ಪದ್ಧತಿ 1970ರ ದಶಕದ ನಡುವಿನಿಂದ ಈಚೆಗಿನದು.

6.95-14ಕ್ಕೆ ಇಂದು 195/75ಆರ್14 ಹತ್ತಿರದ್ದು (195 ಮಿಲಿಮೀಟರ್ ಅಗಲ, ಗೋಡೆ ಅದರ ಶೇಕಡಾ 75; ಆರ್ ಎಂದರೆ ಮುಂದೆ ವಿವರಿಸಿರುವ ರೇಡಿಯಲ್ ರಚನೆ). ಲೆಕ್ಕವನ್ನು ಯಾರೂ ಮಾಡಿಕೊಳ್ಳಬಹುದು: 195ರ ಶೇಕಡಾ 75 ಎಂದರೆ 146 ಮಿಲಿಮೀಟರ್ ಗೋಡೆ, ಮೇಲೆ ಕೆಳಗೆ ಎರಡು ಗೋಡೆ ಸೇರಿ 292, ಅದಕ್ಕೆ 14 ಇಂಚಿನ ರಿಮ್ಮಿನ 356 ಮಿಲಿಮೀಟರ್ ಸೇರಿದರೆ 648, ಅಂದರೆ 25.5 ಇಂಚು. ಇ70-14ಕ್ಕೆ 205/70ಆರ್14, ಎಫ್70-14ಕ್ಕೆ 215/70ಆರ್14 ಸಮೀಪದವು. ಅಂಗಡಿಯವರು ಕೊಡುವ ಹೋಲಿಕೆಯ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲವಾದ್ದರಿಂದ ಈ ಲೆಕ್ಕವನ್ನು ಸ್ವತಃ ಮಾಡಿ ನೋಡುವುದೇ ಲೇಸು.

ನನ್ನ ಕಾರಿನ ಬೋಲ್ಟ್‌ಗಳ ವೃತ್ತವನ್ನು ತಿಳಿಯುವುದು ಹೇಗೆ?

ಎಲ್ಲ ಬೋಲ್ಟ್‌ಗಳ ಕೇಂದ್ರಗಳ ಮೂಲಕ ಹಾದುಹೋಗುವಂತೆ ಕಲ್ಪಿಸಿಕೊಂಡ ವೃತ್ತವೇ ಬೋಲ್ಟ್‌ಗಳ ವೃತ್ತ. ಐದು ಬೋಲ್ಟ್‌ಗಳ ಹಬ್ಬಿನಲ್ಲಿ (ಚಕ್ರವನ್ನು ಕೂರಿಸುವ, ತಿರುಗುವ ನಡುಭಾಗದಲ್ಲಿ) ಅಕ್ಕಪಕ್ಕದ ಎರಡು ಬೋಲ್ಟ್‌ಗಳ ನಡುವಿನ ದೂರವನ್ನು ಕೇಂದ್ರದಿಂದ ಕೇಂದ್ರಕ್ಕೆ ಅಳೆದು 1.701ರಿಂದ ಗುಣಿಸಿದರೆ ವೃತ್ತದ ವ್ಯಾಸ ಸಿಗುತ್ತದೆ. ಅಳತೆ 67.2 ಮಿಲಿಮೀಟರ್ ಬಂದರೆ ಅದು 4.5 ಇಂಚಿನ ವೃತ್ತ, 70.9 ಬಂದರೆ 4.75, 74.7 ಬಂದರೆ 5 ಇಂಚು. 4.5 ಮತ್ತು 4.75ರ ನಡುವೆ ಒಂದೊಂದು ಬೋಲ್ಟಿಗೆ ಬರುವ ವ್ಯತ್ಯಾಸ ಕೇವಲ 3 ಮಿಲಿಮೀಟರ್ ಇರುವುದರಿಂದ, ರಂಧ್ರಗಳು ಸಡಿಲವಾಗಿರುವ ತಪ್ಪು ಚಕ್ರವೂ ಒತ್ತಾಯದಿಂದ ಕೂತಂತೆ ತೋರಬಹುದು. ಹಾಗೆ ಕೂರಿಸಿದ ಚಕ್ರದಲ್ಲಿ ನಟ್ಟುಗಳು ಓರೆಯಾಗಿ ಕಚ್ಚಿ, ಓಡುತ್ತಾ ಸಡಿಲವಾಗಿ, ಬೋಲ್ಟುಗಳು ಮುರಿಯುವವರೆಗೆ ಹೋಗುತ್ತದೆ.

ಷೆವ್ರೊಲೆಯ ಕಮಾರೊ, ಷೆವೆಲ್, ಕಾರ್ವೆಟ್‌ಗಳಿಗೆ 4.75 ಇಂಚು, ಕ್ಯಾಡಿಲಾಕ್‌ನಂತಹ ಭಾರೀ ಕಾರುಗಳಿಗೆ 5 ಇಂಚು, ವಿ8 ಮಸ್ಟ್ಯಾಂಗ್‌ಗೆ 4.5 ಇಂಚು. ಕ್ರೈಸ್ಲರ್ ಕಂಪನಿಯ ದೊಡ್ಡ ಕಾರುಗಳಿಗೂ 4.5 ಇಂಚೇ ಆದರೂ, ಡಾಡ್ಜ್ ಡಾರ್ಟ್, ಪ್ಲಿಮತ್ ವೇಲಿಯಂಟ್‌ನಂತಹ ಸಣ್ಣ ಕಾರುಗಳಲ್ಲಿ 1972ರವರೆಗೆ 4 ಇಂಚಿನ ವೃತ್ತವಿತ್ತು, ಮತ್ತು ಅದಕ್ಕೆ ಇಂದು ದೊರೆಯುವ ಚಕ್ರಗಳು ಬಹಳ ಕಡಿಮೆ. 1960ರ ದಶಕದ ಕ್ರೈಸ್ಲರ್ ಕಾರುಗಳಲ್ಲಿ ಎಡಗಡೆಯ ಚಕ್ರಗಳ ನಟ್ಟುಗಳು ಎಡಮರೆಯವು ಎಂಬುದೂ ನೆನಪಿರಬೇಕು. ಬಿಚ್ಚಲು ಅವನ್ನು ಬಲಕ್ಕೆ ತಿರುಗಿಸಬೇಕು. ತಿಳಿಯದ ಮೆಕ್ಯಾನಿಕ್ ನಟ್ಟು ಬಿಚ್ಚುವ ಗನ್ ಹಿಡಿದು ಎಡಕ್ಕೆ ತಿರುಗಿಸಿದರೆ ಬೋಲ್ಟು ತುಂಡಾಗುತ್ತದೆ.

ನನ್ನ ಮಸ್ಟ್ಯಾಂಗ್‌ನಲ್ಲಿ ನಾಲ್ಕೇ ಬೋಲ್ಟ್‌ಗಳಿವೆ. ಯಾಕೆ?

ಆರು ಸಿಲಿಂಡರಿನ ಎಂಜಿನ್ ಇದ್ದ ಮಸ್ಟ್ಯಾಂಗ್‌ಗಳಿಗೆ ನಾಲ್ಕು ಬೋಲ್ಟುಗಳ ಹಬ್ಬು ಮತ್ತು ಚಿಕ್ಕ ಬ್ರೇಕುಗಳು ಬರುತ್ತಿದ್ದವು. ಮೊದಮೊದಲು ಚಕ್ರವೂ 13 ಇಂಚಿನದೇ. ಅಡಾಪ್ಟರ್ (ಹಬ್ಬಿಗೂ ಚಕ್ರಕ್ಕೂ ನಡುವೆ ಕೂರಿಸುವ ಲೋಹದ ಬಿಲ್ಲೆ) ಹಾಕಿ ಐದು ಬೋಲ್ಟುಗಳ ಚಕ್ರವನ್ನು ಜೋಡಿಸುವುದನ್ನು ನಾನು ಒಪ್ಪುವುದಿಲ್ಲ. ಅಡಾಪ್ಟರ್ ಚಕ್ರವನ್ನು ಹೊರಕ್ಕೆ ತಳ್ಳುವುದಲ್ಲದೆ, ಆ ಹಬ್ಬು ಮತ್ತು ಬ್ರೇಕುಗಳು ಹಗುರವಾದ ಕಾರಿಗೆಂದು ಮಾಡಿದವು. ಐದು ಬೋಲ್ಟುಗಳು ಬೇಕೆಂದರೆ ಮುಂದಿನ ಸ್ಪಿಂಡಲ್ (ಹಬ್ಬು ಕೂತು ತಿರುಗುವ ದಂಡ), ಬ್ರೇಕ್ ಮತ್ತು ಹಿಂದಿನ ಆಕ್ಸಲ್ ಎಲ್ಲವನ್ನೂ ವಿ8 ಕಾರಿನವುಗಳಿಗೆ ಬದಲಿಸುವುದು ನೇರವಾದ ದಾರಿ. ಅಷ್ಟು ಖರ್ಚು ಬೇಡವಾದರೆ ನಾಲ್ಕು ಬೋಲ್ಟುಗಳ 14 ಇಂಚಿನ ಉಕ್ಕಿನ ಚಕ್ರಗಳಲ್ಲಿಯೇ ಒಳ್ಳೆಯ ರೇಡಿಯಲ್ ಟೈರನ್ನು ಹಾಕಿಸಿಕೊಂಡರೆ ಕಾರು ತೃಪ್ತಿಕರವಾಗಿ ಓಡುತ್ತದೆ.

ಬ್ಯಾಕ್‌ಸ್ಪೇಸಿಂಗ್ ಮತ್ತು ಆಫ್‌ಸೆಟ್ ಎಂದರೇನು? ಯಾವುದನ್ನು ನೋಡಬೇಕು?

ಚಕ್ರವನ್ನು ಮುಖ ಕೆಳಗೆ ಮಾಡಿ ನೆಲದ ಮೇಲೆ ಮಲಗಿಸಿ, ರಿಮ್ಮಿನ ಹಿಂಭಾಗದ ಅಂಚಿನ ಮೇಲೆ ಅಡ್ಡಲಾಗಿ ಒಂದು ನೇರವಾದ ಪಟ್ಟಿಯನ್ನಿಡಿ. ಹಬ್ಬಿಗೆ ಅಂಟಿಕೊಳ್ಳುವ ಸಮತಟ್ಟಾದ ಮೇಲ್ಮೈಯಿಂದ ಆ ಪಟ್ಟಿಯವರೆಗಿನ ದೂರವೇ ಬ್ಯಾಕ್‌ಸ್ಪೇಸಿಂಗ್. ಚಕ್ರ ಎಷ್ಟು ಒಳಕ್ಕೆ ಸರಿದು ಕೂರುತ್ತದೆ ಎಂಬುದನ್ನು ಇದು ನೇರವಾಗಿ ಹೇಳುತ್ತದೆ. ಆಫ್‌ಸೆಟ್ ಎಂಬುದು ಅದೇ ಮೇಲ್ಮೈ ರಿಮ್ಮಿನ ನಡುಗೆರೆಯಿಂದ ಎಷ್ಟು ಆಚೀಚೆ ಇದೆ ಎಂಬ ಅಳತೆ. ಅಮೆರಿಕದ ಹಳೆಯ ಕಾರಿನವರು ಬ್ಯಾಕ್‌ಸ್ಪೇಸಿಂಗನ್ನು ಇಂಚಿನಲ್ಲಿ ಹೇಳುತ್ತಾರೆ, ಇಂದಿನ ಚಕ್ರ ತಯಾರಕರು ಆಫ್‌ಸೆಟ್ಟನ್ನು ಮಿಲಿಮೀಟರಿನಲ್ಲಿ ಮುದ್ರಿಸುತ್ತಾರೆ. ಎರಡನ್ನೂ ತಿಳಿದಿರದೆ ಗತ್ಯಂತರವಿಲ್ಲ.

ಲೆಕ್ಕದಲ್ಲಿ ಎಡವುವುದು ಒಂದೇ ಕಡೆ. ಏಳು ಇಂಚಿನ ರಿಮ್ ಎಂದರೆ ಟೈರು ಕೂರುವ ಜಾಗ ಏಳು ಇಂಚು; ಎರಡು ಬದಿಯ ಅಂಚುಗಳು ಸೇರಿ ಹೊರಗಿನ ಅಗಲ ಸುಮಾರು ಎಂಟು ಇಂಚು. ಆದ್ದರಿಂದ ಶೂನ್ಯ ಆಫ್‌ಸೆಟ್ಟಿನ ಏಳು ಇಂಚಿನ ಚಕ್ರಕ್ಕೆ ಬ್ಯಾಕ್‌ಸ್ಪೇಸಿಂಗ್ ನಾಲ್ಕು ಇಂಚು, ಮೂರೂವರೆ ಅಲ್ಲ. ಅದೇ ಚಕ್ರದ ಬ್ಯಾಕ್‌ಸ್ಪೇಸಿಂಗ್ 4.25 ಇಂಚು ಇದ್ದರೆ ಆಫ್‌ಸೆಟ್ ಕೂಡು (+) 6 ಮಿಲಿಮೀಟರ್, ಅಂದರೆ ಚಕ್ರ ಅಷ್ಟು ಒಳಕ್ಕೆ ಸರಿದು ಕೂರುತ್ತದೆ. ಈ ಅರ್ಧ ಇಂಚಿನ ಎಡವಟ್ಟಿನಿಂದ ಚಕ್ರಗಳನ್ನು ಹಿಂದಿರುಗಿಸುವವರು ಬಹಳ, ಮತ್ತು ಒಮ್ಮೆ ಟೈರು ಏರಿಸಿದ ಚಕ್ರವನ್ನು ಹೆಚ್ಚಿನ ಅಂಗಡಿಗಳು ವಾಪಸು ತೆಗೆದುಕೊಳ್ಳುವುದಿಲ್ಲ.

ನನ್ನ 1965ರ ಮಸ್ಟ್ಯಾಂಗ್‌ಗೆ ಎಷ್ಟು ಅಗಲದ ಟೈರು ಹಿಡಿಯುತ್ತದೆ?

ಕಾರನ್ನು ತಗ್ಗಿಸದೆ, ಫೆಂಡರಿನ ಒಳ ಅಂಚನ್ನು ಮಡಿಸದೆ ಇದ್ದರೆ 15 ಇಂಚು ವ್ಯಾಸದ, 7 ಇಂಚು ಅಗಲದ, 4.25 ಇಂಚು ಬ್ಯಾಕ್‌ಸ್ಪೇಸಿಂಗ್ ಇರುವ ಚಕ್ರದ ಮೇಲೆ 205/65ಆರ್15 ಅಥವಾ 215/60ಆರ್15 ಟೈರು ಸಾಮಾನ್ಯವಾಗಿ ನಾಲ್ಕು ಕಡೆಯೂ ಕೂರುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಕಾರಿಗೆ ಇದಕ್ಕಿಂತ ಒಪ್ಪುವ ಗಾತ್ರ ಇನ್ನೊಂದಿಲ್ಲ. 15 ಇಂಚಿನ ಚಕ್ರ ಆ ಕಾಲಕ್ಕೆ ಪರಕೀಯವೂ ಅಲ್ಲ. ರೇಸ್ ಕಾರುಗಳ ತಯಾರಕ ಕ್ಯಾರಲ್ ಶೆಲ್ಬಿಯವರ 1965ರ ಜಿಟಿ350 ಮಸ್ಟ್ಯಾಂಗ್ 15 ಇಂಚಿನ ಚಕ್ರಗಳ ಮೇಲೆ 7.75-15 ಅಳತೆಯ ಗುಡ್‌ಇಯರ್ ಟೈರುಗಳನ್ನು ಧರಿಸಿಯೇ ಕಾರ್ಖಾನೆಯಿಂದ ಹೊರಬಿದ್ದಿತ್ತು.

ಆದರೆ ಐವತ್ತೆಂಟು ವರ್ಷ ಮೀರಿದ ಎರಡು ಕಾರುಗಳು ಒಂದೇ ತೆರನಾಗಿರುವುದಿಲ್ಲ. ಸ್ಪ್ರಿಂಗುಗಳು ಕುಸಿದಿರುತ್ತವೆ, ಫೆಂಡರುಗಳು ಎಂದೋ ಬದಲಾಗಿರುತ್ತವೆ, ಹಿಂದಿನ ಆಕ್ಸಲ್ ಎಡಕ್ಕೋ ಬಲಕ್ಕೋ ಕೆಲವು ಮಿಲಿಮೀಟರ್ ಸರಿದು ಕೂತಿರುತ್ತದೆ. ಹಾಗಾಗಿ ನಾಲ್ಕೂ ಮೂಲೆಗಳನ್ನು ಬೇರೆ ಬೇರೆಯಾಗಿ ಅಳೆಯಬೇಕು. ಹಿಂದೆ ನೋಡಬೇಕಾದ ಜಾಗಗಳು ಎರಡು: ಒಳಗಡೆ ಲೀಫ್ ಸ್ಪ್ರಿಂಗಿನ (ಉಕ್ಕಿನ ಪಟ್ಟಿಗಳ ಸ್ಪ್ರಿಂಗಿನ) ಅಂಚು, ಹೊರಗಡೆ ಫೆಂಡರಿನ ಒಳಕ್ಕೆ ಮಡಚಿದ ತುಟಿ. ಮುಂದೆ ಕೆಲಸ ಹೆಚ್ಚು. ಕೆಳಗಿನ ಕಂಟ್ರೋಲ್ ಆರ್ಮಿಗೆ (ಚಕ್ರವನ್ನು ಕಾರಿನ ಮೈಗೆ ಜೋಡಿಸುವ ತೋಳಿಗೆ) ಜ್ಯಾಕ್ ಕೊಟ್ಟು ಸ್ಪ್ರಿಂಗ್ ಅದುಮುವಂತೆ ಮಾಡಿ, ಸ್ಟಿಯರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನಿಧಾನವಾಗಿ ತಿರುಗಿಸುತ್ತಾ, ಟೈರಿನ ಭುಜ ಫೆಂಡರಿನ ಹಿಂದಿನ ಕೆಳಮೂಲೆಗೆ ಎಷ್ಟು ಹತ್ತಿರ ಬರುತ್ತದೆ, ಒಳಗಡೆ ಸ್ವೇ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಕಂಬಿ) ಮತ್ತು ಚಕ್ರವನ್ನು ತಿರುಗಿಸುವ ಟೈ ರಾಡಿನ ತುದಿಗೆ ಎಷ್ಟು ಹತ್ತಿರ ಬರುತ್ತದೆ ಎಂಬುದನ್ನು ಬೆಳಕು ಹಿಡಿದು ನೋಡಬೇಕು. ಎಲ್ಲೆಡೆ ಒಂದು ಬೆರಳು ಆಡುವಷ್ಟು ಜಾಗ ಉಳಿದರೆ ನಿಶ್ಚಿಂತೆ. ಈ ಪರೀಕ್ಷೆಗೆ ಹೊಸ ಟೈರೇ ಬೇಕೆಂದಿಲ್ಲ. ಅದೇ ಅಳತೆಯ ಚಕ್ರ ಹಾಕಿಕೊಂಡಿರುವ ಮತ್ತೊಬ್ಬ ಮಾಲೀಕರು ಒಂದು ಮಧ್ಯಾಹ್ನದ ಮಟ್ಟಿಗೆ ತಮ್ಮದನ್ನು ಕೊಟ್ಟರೆ ಸಾಕು, ಮತ್ತು ಹಳೆಯ ಕಾರಿನ ಬಳಗದಲ್ಲಿ ಇಂತಹ ಉಪಕಾರಕ್ಕೆ ಇಲ್ಲವೆನ್ನುವವರು ವಿರಳ.

17 ಇಂಚಿನ ಚಕ್ರ ಹಾಕಿಸಬಹುದೇ?

ಹಾಕಿಸಬಹುದು. 17 ಇಂಚು ವ್ಯಾಸದ 7 ಇಂಚು ಅಗಲದ ಚಕ್ರದ ಮೇಲೆ 225/45ಆರ್17 ಟೈರಿನ ಎತ್ತರ ಸರಿಯಾಗಿ 25 ಇಂಚು, ಆದ್ದರಿಂದ ಲೆಕ್ಕ ಕೆಡುವುದಿಲ್ಲ. ವೇಗದ ಓಟಕ್ಕೆ ಬೇಕಾದ ಉತ್ತಮ ಹಿಡಿತದ ಟೈರುಗಳು ಇಂದು 14 ಮತ್ತು 15 ಇಂಚಿನಲ್ಲಿ ಬಹಳ ಕಡಿಮೆ, 17ರಲ್ಲಿ ಹೇರಳ. ದೊಡ್ಡ ಡಿಸ್ಕ್ ಬ್ರೇಕುಗಳಿಗೂ ಜಾಗ ಸಿಗುತ್ತದೆ. ಆದರೆ ಗೋಡೆ ತೆಳ್ಳಗಾದಷ್ಟೂ ರಸ್ತೆಯ ಏಟು ನೇರವಾಗಿ ಸಸ್ಪೆನ್ಷನ್ನಿಗೆ ತಗಲುತ್ತದೆ, ಮತ್ತು ಎತ್ತರದ ರಬ್ಬರ್ ಗೋಡೆಯನ್ನು ನಂಬಿ ರೂಪಿಸಿದ ಕಾರಿಗೆ ಅದು ಒರಟೆನಿಸುತ್ತದೆ. ಬ್ರೇಕು, ಷಾಕ್ ಅಬ್ಸಾರ್ಬರ್, ಸ್ಟಿಯರಿಂಗ್ ಎಲ್ಲವನ್ನೂ ಬದಲಿಸಿ ಕಾರನ್ನು ಹೊಸ ರೀತಿಯಲ್ಲಿ ಓಡಿಸಬೇಕೆನ್ನುವವರಿಗೆ ಮಾತ್ರ ಇದನ್ನು ಸೂಚಿಸುತ್ತೇನೆ. ಉಳಿದವರು 15ರಲ್ಲಿಯೇ ನಿಲ್ಲುವುದು ಒಳ್ಳೆಯದು.

ಹೊಸ ಮಸ್ಟ್ಯಾಂಗ್‌ನ ಚಕ್ರಗಳು ಹಳೆಯದಕ್ಕೆ ಬರುತ್ತವೆಯೇ?

1994ರಿಂದ ಈಚಿನ ಮಸ್ಟ್ಯಾಂಗ್‌ಗಳಿಗೂ ಐದು ಬೋಲ್ಟುಗಳ 4.5 ಇಂಚಿನ ವೃತ್ತವೇ ಇರುವುದರಿಂದ ಬೋಲ್ಟುಗಳು ಹೊಂದುತ್ತವೆ, ಆದರೆ ಆ ಚಕ್ರಗಳ ಆಫ್‌ಸೆಟ್ ಬಹಳ ಹೆಚ್ಚು. ಹಳೆಯ ಕಾರಿನಲ್ಲಿ ಅವು ತೀರಾ ಒಳಕ್ಕೆ ಸರಿದು ಸಸ್ಪೆನ್ಷನ್ನಿಗೆ ತಾಗುತ್ತವೆ.

ಡಿಸ್ಕ್ ಬ್ರೇಕ್ ಹಾಕಿಸುವ ಆಲೋಚನೆಯಿದೆ. ಚಕ್ರವನ್ನು ಯಾವಾಗ ಕೊಳ್ಳಬೇಕು?

ಬ್ರೇಕ್ ಕೆಲಸ ಮುಗಿದ ನಂತರ. ಡ್ರಮ್ ಬ್ರೇಕಿಗೆಂದು ಮಾಡಿದ 14 ಇಂಚಿನ ಕೆಲವು ಉಕ್ಕಿನ ಚಕ್ರಗಳ ಒಳಮೈ, ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರಿಗೆ ತಾಗುತ್ತದೆ. ಬ್ರೇಕ್ ಕಿಟ್ಟುಗಳ ತಯಾರಕರು ಕಾಗದದ ಮೇಲೆ ಮುದ್ರಿಸಿಕೊಂಡು ಚಕ್ರದೊಳಗೆ ಇಟ್ಟು ನೋಡಬಹುದಾದ ಅಚ್ಚನ್ನು ಕೊಡುತ್ತಾರೆ. ಅದನ್ನು ರಟ್ಟಿಗೆ ಅಂಟಿಸಿ ಕತ್ತರಿಸಿ ಪರೀಕ್ಷಿಸಿದರೆ ಹಣ ಉಳಿಯುತ್ತದೆ.

ರೇಡಿಯಲ್ ಟೈರೋ, ಹಳೆಯ ಬಯಾಸ್ ಪ್ಲೈ ಟೈರೋ?

ಓಡಿಸುವ ಕಾರಾದರೆ ರೇಡಿಯಲ್. ಬಯಾಸ್ ಟೈರಿನಲ್ಲಿ ದಾರದ ಪದರಗಳು ಓರೆಯಾಗಿ ಒಂದನ್ನೊಂದು ಹಾದುಹೋಗುವುದರಿಂದ ಗೋಡೆ ಬಾಗಿದಾಗ ನೆಲ ತಾಕುವ ಮೈಯೂ ಮುದುಡುತ್ತದೆ. ರೇಡಿಯಲ್ಲಿನಲ್ಲಿ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಸಾಗಿ, ಮೇಲೆ ಬೆಲ್ಟುಗಳು ಬಿಗಿಯಾಗಿ ಸುತ್ತಿಕೊಂಡಿರುವುದರಿಂದ ಗೋಡೆ ಎಷ್ಟೇ ಬಾಗಿದರೂ ಮೈ ಸಪಾಟಾಗಿ ನೆಲವನ್ನು ಹಿಡಿದಿರುತ್ತದೆ. ಮಿಷೆಲಿನ್ ಕಂಪನಿ ಇದರ ಪೇಟೆಂಟನ್ನು 1946ರಲ್ಲಿಯೇ ಪಡೆದಿದ್ದರೂ ಅಮೆರಿಕದ ಕಾರ್ಖಾನೆಗಳು ಅದಕ್ಕೆ ಒಗ್ಗಿಕೊಂಡದ್ದು 1970ರ ದಶಕದಲ್ಲಿ. ಬಯಾಸ್ ಟೈರು ರಸ್ತೆಯ ಸೀಳುಗಳನ್ನು ಹಿಂಬಾಲಿಸಿ ಸ್ಟಿಯರಿಂಗನ್ನು ಆಚೀಚೆ ಎಳೆಯುತ್ತದೆ, ಮಳೆಯಲ್ಲಿ ಬ್ರೇಕ್ ಹಾಕಿದಾಗ ದೂರ ಜಾರುತ್ತದೆ. ರಾತ್ರಿಯಿಡೀ ನಿಂತ ಕಾರಿನ ಟೈರುಗಳು ನೆಲ ತಾಕಿದ ಕಡೆ ಚಪ್ಪಟೆಯಾಗಿ ಬೆಳಗ್ಗೆ ಮೊದಲ ಕೆಲವು ಮೈಲಿ ಕಾರು ದಡದಡನೆ ನಡುಗುವುದೂ ಉಂಟು. ಪ್ರದರ್ಶನದಲ್ಲಿ ಅಂಕ ಗಳಿಸಬೇಕಾದ, ಟ್ರೇಲರಿನ ಮೇಲೆ ಸಾಗುವ ಕಾರಿಗೆ ಬಯಾಸ್ ಟೈರು ಯೋಗ್ಯ. ಹೊರನೋಟಕ್ಕೆ ಬಯಾಸ್‌ನಂತೆಯೇ ಕಾಣುವ ರೇಡಿಯಲ್ ಟೈರುಗಳೂ ಈಗ ದೊರೆಯುತ್ತವೆ, ದುಬಾರಿಯಾದರೂ ಅವು ಒಳ್ಳೆಯ ನಡುದಾರಿ.

ಎರಡು ಬಗೆಯನ್ನು ಒಂದೇ ಕಾರಿನಲ್ಲಿ ಬೆರೆಸಬಾರದು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಟೈರುಗಳು ಬೇರೆ ಬೇರೆ ರೀತಿಯಲ್ಲಿ ವರ್ತಿಸಿ ಕಾರು ಕೈ ಮೀರುತ್ತದೆ.

ಮೂಲದ ಉಕ್ಕಿನ ರಿಮ್ಮುಗಳ ಮೇಲೆ ರೇಡಿಯಲ್ ಟೈರು ಹಾಕಿದರೆ ಅಪಾಯವೇ?

ಗಟ್ಟಿಯಾಗಿರುವ, ಓರೆಯಾಗಿರದ ರಿಮ್ಮಾದರೆ ಅಡ್ಡಿಯಿಲ್ಲ. ಟೈರು ಬಿಚ್ಚಿದಾಗ ಬಣ್ಣ ಕೆರೆದು ನಟ್ಟಿನ ರಂಧ್ರಗಳ ಸುತ್ತ ಮತ್ತು ನಡುಭಾಗವನ್ನು ಹೊರಸುತ್ತಿಗೆ ಬೆಸೆದಿರುವ ಕಡೆ ಕೂದಲೆಳೆಯ ಬಿರುಕುಗಳಿವೆಯೇ ಎಂದು ನೋಡಬೇಕು. ತುಕ್ಕು ಕೊರೆದು ಗುಳಿ ಬಿದ್ದಿದ್ದರೆ ಆ ರಿಮ್ಮನ್ನು ಬಿಟ್ಟುಬಿಡಬೇಕು. ಅಂದಿನ 5 ಇಂಚು ಅಗಲದ ರಿಮ್ಮಿಗೆ 195/75 ಅಥವಾ 205/70 ಸಾಕು. ಅದಕ್ಕಿಂತ ಅಗಲದ ಟೈರು ಅಂಚುಗಳಲ್ಲಿ ಹಿಸುಕಿದಂತಾಗಿ ನಡುಭಾಗ ಬೇಗ ಸವೆಯುತ್ತದೆ.

ನನ್ನ ಕಾರಿನ ಕಾಲಕ್ಕೆ ಒಪ್ಪುವ ಚಕ್ರ ಯಾವುದು? ಬಿಳಿ ಪಟ್ಟಿಯ ಟೈರು ಹಾಕಿಸಲೇ?

ಬಿಳಿ ಪಟ್ಟಿಯ ಅಗಲವೇ ಕಾರಿನ ವಯಸ್ಸನ್ನು ಹೇಳುತ್ತದೆ. 1950ರ ದಶಕದ ಕಾರುಗಳಿಗೆ ಗೋಡೆಯ ಬಹುಪಾಲನ್ನು ಆವರಿಸುವ ಅಗಲ ಪಟ್ಟಿ ಸರಿ. 1962ರ ಸುಮಾರಿಗೆ ಅದು ಒಂದು ಇಂಚಿಗೆ ಇಳಿಯಿತು. 1965ರ ಮಸ್ಟ್ಯಾಂಗ್‌ಗೆ ಎರಡೂವರೆ ಇಂಚಿನ ಬಿಳಿ ಪಟ್ಟಿ ಹಾಕಿದರೆ ಬಲ್ಲವರ ಕಣ್ಣಿಗೆ ಅದು ಚುಚ್ಚುತ್ತದೆ. ಕೆಂಪು ಪಟ್ಟಿಯ ಟೈರು 1960ರ ದಶಕದ ನಡುವಿನ ಪಾಂಟಿಯಾಕ್ ಜಿಟಿಓದಂತಹ ಬಲಶಾಲಿ ಕಾರುಗಳ ಗುರುತು. ಬಿಳಿಯ ಉಬ್ಬಕ್ಷರಗಳ ಬಿ.ಎಫ್. ಗುಡ್‌ರಿಚ್ ರೇಡಿಯಲ್ ಟಿ/ಎ ಟೈರು 1970ರ ದಶಕದ ನೋಟ ಕೊಡುತ್ತದೆ.

ಚಕ್ರಗಳಲ್ಲಿ ಅಮೆರಿಕನ್ ರೇಸಿಂಗ್ ಕಂಪನಿಯ ಐದು ಕಡ್ಡಿಗಳ ಟಾರ್ಕ್ ಥ್ರಸ್ಟ್ ಮತ್ತು ಕ್ರೇಗರ್‌ನ ಕ್ರೋಮ್ ಹೊಳಪಿನ ಎಸ್‌ಎಸ್ ಎರಡೂ 1960ರ ದಶಕದಲ್ಲಿ ಬಂದವು. ಮಸ್ಟ್ಯಾಂಗ್‌ನ ನೋಟದ ಮಟ್ಟಿಗೆ, ಫೋರ್ಡ್ ತಾನೇ ಕೊಡುತ್ತಿದ್ದ 14 ಇಂಚಿನ ಸ್ಟೈಲ್ಡ್ ಸ್ಟೀಲ್ ಚಕ್ರಕ್ಕೆ ನನ್ನ ಮೊದಲ ಮತ. ಆ ಕಾರಿನ ಮೈಗೆರೆಗಳೊಂದಿಗೆ ಅದು ಹುಟ್ಟಿನಿಂದಲೇ ಬೆಸೆದುಕೊಂಡಂತಿದೆ. ಡೆಟ್ರಾಯಿಟ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಒಂದು ಅನುಕೂಲವಿದೆ. ವುಡ್‌ವರ್ಡ್ ಅವೆನ್ಯೂದಲ್ಲಿ 1995ರಿಂದ ಆಗಸ್ಟ್ ತಿಂಗಳಲ್ಲಿ ನಡೆಯುವ ಡ್ರೀಮ್ ಕ್ರೂಸ್‌ನ ದಿನ ಪಾದಚಾರಿ ದಾರಿಯಲ್ಲಿ ನಿಂತರೆ ಈ ಎಲ್ಲ ಚಕ್ರಗಳನ್ನೂ ಓಡುವ ಕಾರುಗಳ ಮೇಲೆ ನೋಡಬಹುದು, ಮಾಲೀಕರನ್ನು ಅಳತೆ ಕೇಳಿ ಬರೆದುಕೊಳ್ಳಬಹುದು.

ಹಳೆಯ ನಟ್ಟುಗಳನ್ನೇ ಹೊಸ ಚಕ್ರಕ್ಕೆ ಬಳಸಬಹುದೇ?

ನಟ್ಟಿನ ಬುಡದ ಆಕಾರ ಚಕ್ರದ ರಂಧ್ರಕ್ಕೆ ಹೊಂದಿದರೆ ಮಾತ್ರ. ಉಕ್ಕಿನ ಚಕ್ರಗಳಿಗೆ ಶಂಕುವಿನಾಕಾರದ ಬುಡವಿರುವ ನಟ್ಟು ಬೇಕು. ಆ ಕಾಲದ ಹಲವು ಅಲಾಯ್ ಚಕ್ರಗಳಿಗೆ ಉದ್ದನೆಯ ಕುತ್ತಿಗೆ ಮತ್ತು ಚಪ್ಪಟೆ ವಾಷರ್ ಇರುವ ನಟ್ಟು ಬೇಕು. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಬಿಗಿಯಾದಂತೆ ತೋರಿದರೂ ಚಕ್ರ ನಡುವಿಗೆ ಸರಿಯಾಗಿ ಕೂರುವುದಿಲ್ಲ. ಬಿಗಿಯುವಾಗ ನಕ್ಷತ್ರದ ಕ್ರಮದಲ್ಲಿ, ಟಾರ್ಕ್ ರೆಂಚ್ ಹಿಡಿದು, ಕೈಪಿಡಿಯಲ್ಲಿ ಹೇಳಿದ ಬಲಕ್ಕೆ ನಿಲ್ಲಿಸಬೇಕು. ಅಲಾಯ್ ಚಕ್ರಗಳನ್ನು ಮೊದಲ 50ರಿಂದ 100 ಮೈಲಿಗಳ ನಂತರ ಮತ್ತೊಮ್ಮೆ ಪರೀಕ್ಷಿಸಲೇಬೇಕು.

ಟೈರಿನ ಗೆರೆಗಳು ಹೊಸದರಂತಿವೆ, ಆದರೆ ಟೈರು ಹಳೆಯದು. ಓಡಿಸಬಹುದೇ?

ಹಳೆಯ ಕಾರುಗಳ ಟೈರುಗಳು ಸವೆದು ಸಾಯುವುದಕ್ಕಿಂತ ವಯಸ್ಸಾಗಿ ಸಾಯುವುದೇ ಹೆಚ್ಚು. ವರ್ಷಕ್ಕೆ ಕೆಲವೇ ನೂರು ಮೈಲಿ ಓಡುವ ಕಾರಿನಲ್ಲಿ ಗೆರೆಗಳು ಹಾಗೆಯೇ ಉಳಿದು, ಒಳಗಿನ ರಬ್ಬರು ಗಡುಸಾಗಿ ಬೆಲ್ಟುಗಳ ಹಿಡಿತ ಬಿಡತೊಡಗುತ್ತದೆ. ಗೋಡೆಯ ಮೇಲಿನ ಡಿಓಟಿ (ಅಮೆರಿಕದ ಸಾರಿಗೆ ಇಲಾಖೆ) ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಓದಿ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಕೊನೆಯಲ್ಲಿ ಮೂರೇ ಅಂಕಿಗಳಿದ್ದರೆ ಆ ಟೈರು 2000ಕ್ಕೂ ಹಿಂದಿನದು. ಅದನ್ನು ಓಡಿಸುವ ಮಾತೇ ಇಲ್ಲ. ಆರು ವರ್ಷವಾದ ಮೇಲೆ ಪ್ರತಿ ವರ್ಷ ತಜ್ಞರಿಂದ ಪರೀಕ್ಷಿಸಿ, ಹತ್ತಾಗುವುದರೊಳಗೆ ನೋಟ ಹೇಗೇ ಇರಲಿ ಬದಲಿಸಬೇಕು. ಈ ಒಂದು ವಿಷಯದಲ್ಲಿ ಉಳಿತಾಯದ ಯೋಚನೆ ಬೇಡವೆಂದು ಪ್ರತಿಯೊಬ್ಬರಲ್ಲಿಯೂ ಕೇಳಿಕೊಳ್ಳುತ್ತೇನೆ.

ಗಾಳಿ ಎಷ್ಟಿರಬೇಕು? ಅಲೈನ್‌ಮೆಂಟ್ ಹಳೆಯ ಪುಸ್ತಕದಂತೆಯೇ ಮಾಡಿಸಲೇ?

ಎರಡಕ್ಕೂ ಹಳೆಯ ಪುಸ್ತಕ ಸಲ್ಲದು. ಅದರಲ್ಲಿರುವ 24ರಿಂದ 28 ಪಿಎಸ್ಐ (ಚದರ ಇಂಚಿಗೆ ಪೌಂಡ್) ಒತ್ತಡ ಬಯಾಸ್ ಟೈರಿನದು. ರೇಡಿಯಲ್ಲಿಗೆ 30ರಿಂದ 32ರಲ್ಲಿ ಆರಂಭಿಸಿ, ಸವೆತ ಮೈಯುದ್ದಕ್ಕೂ ಸಮವಾಗಿದೆಯೇ ಎಂದು ನೋಡುತ್ತಾ ಹೊಂದಿಸಿಕೊಳ್ಳಬೇಕು. ಅಲೈನ್‌ಮೆಂಟ್ ಮಾಡುವವರು ಕಂಪ್ಯೂಟರಿನಲ್ಲಿ 1965 ಎಂದು ಒತ್ತಿದರೆ ಬರುವುದೂ ಬಯಾಸ್ ಕಾಲದ ಅಂಕಿಗಳೇ. ರೇಡಿಯಲ್ ಟೈರು ಹಾಕಿದ ಮಸ್ಟ್ಯಾಂಗ್ ಹೆದ್ದಾರಿಯಲ್ಲಿ ನೇರವಾಗಿ ಸಾಗಲು ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಓರೆ) 2ರಿಂದ 3 ಡಿಗ್ರಿ ಕೂಡು (+), ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಓರೆ) ಸೊನ್ನೆಯಿಂದ ಅರ್ಧ ಡಿಗ್ರಿ ಕಳೆ (−), ಟೋ (ಮುಂದಿನ ಚಕ್ರಗಳು ಒಂದಕ್ಕೊಂದು ತಿರುಗಿರುವ ಪ್ರಮಾಣ) ಒಳಮುಖವಾಗಿ ಇಂಚಿನ ಎಂಟನೆಯ ಒಂದು ಭಾಗ ಇರುವಂತೆ ಕಾಗದದಲ್ಲಿ ಬರೆದುಕೊಟ್ಟು ಮಾಡಿಸಿಕೊಳ್ಳಿ. ಹೊಸ ಟೈರು ಹಾಕಿದ ಮೇಲೂ ಕಾರು ಅಲೆದಾಡುತ್ತದೆ ಎಂಬ ದೂರಿಗೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಇದೇ.

ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆಯೇ?

ಎತ್ತರ ಬದಲಾದಷ್ಟು. 25.5 ಇಂಚಿನ ಟೈರಿನ ಬದಲು 24.7 ಇಂಚಿನ 205/60ಆರ್15 ಹಾಕಿದರೆ, ನಿಜವಾದ ವೇಗ 60 ಮೈಲಿ ಇರುವಾಗ ಮುಳ್ಳು 62ರ ಹತ್ತಿರ ನಿಲ್ಲುತ್ತದೆ.

ಕರ್ನಾಟಕದಲ್ಲಿರುವ ಅಮೆರಿಕನ್ ಕಾರಿಗೆ ಟೈರು ಎಲ್ಲಿ ಹುಡುಕಬೇಕು?

14 ಇಂಚಿನ ಎತ್ತರದ ಗೋಡೆಯ ಟೈರು ಇಲ್ಲಿನ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಮತ್ತು 2020ರಲ್ಲಿ ಭಾರತ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ್ದರಿಂದ ಹೊರದೇಶದಿಂದ ತರಿಸುವ ಮುನ್ನ ನಿಯಮಗಳನ್ನು ವಿಚಾರಿಸಬೇಕು. ಆದರೆ 15 ಇಂಚಿನ ಚಕ್ರಕ್ಕೆ ಬದಲಾಯಿಸಿಕೊಂಡರೆ ದಾರಿ ಸುಗಮ: ಹಳೆಯ ಟೊಯೊಟಾ ಇನ್ನೋವಾಗೆ ಬರುತ್ತಿದ್ದ 205/65ಆರ್15 ಟೈರಿನ ಎತ್ತರ 25.5 ಇಂಚು, ಮೂಲದ ಮಸ್ಟ್ಯಾಂಗ್ ಟೈರಿಗೆ ಬದಲಾಗಿ ಬಳಸುವ 195/75ಆರ್14ರಷ್ಟೇ. ಅಮೆರಿಕದಿಂದ ಚಕ್ರಗಳನ್ನಷ್ಟೇ ತರಿಸಿ, ಟೈರನ್ನು ಇಲ್ಲಿಯೇ ಕೊಳ್ಳಬಹುದು.

ಸ್ಟೆಪ್ನಿಯನ್ನೂ ಬದಲಿಸಬೇಕೇ?

ಅದೇ ಬೋಲ್ಟ್ ವೃತ್ತ, ಅದೇ ಎತ್ತರ ಇರುವುದಾದರೆ ಹಳೆಯ ಉಕ್ಕಿನ ಚಕ್ರವನ್ನೇ ಸ್ಟೆಪ್ನಿಯಾಗಿ ಇಟ್ಟುಕೊಳ್ಳಬಹುದು, ಆದರೆ ಅದರ ಮೇಲೂ ರೇಡಿಯಲ್ ಟೈರೇ ಇರಬೇಕು. ಡಿಸ್ಕ್ ಬ್ರೇಕ್ ಹಾಕಿಸಿದ್ದರೆ ಆ ಚಕ್ರವನ್ನು ಮುಂದೆ ಒಮ್ಮೆ ಕೂರಿಸಿ, ಕೈಯಿಂದ ತಿರುಗಿಸಿ, ಕ್ಯಾಲಿಪರಿಗೆ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಅಲಾಯ್ ಚಕ್ರಗಳ ಉದ್ದ ಕುತ್ತಿಗೆಯ ನಟ್ಟುಗಳು ಉಕ್ಕಿನ ಸ್ಟೆಪ್ನಿಯನ್ನು ಹಿಡಿಯುವುದಿಲ್ಲವಾದ್ದರಿಂದ, ಶಂಕುವಿನಾಕಾರದ ಐದು ನಟ್ಟುಗಳನ್ನು ಒಂದು ಚೀಲದಲ್ಲಿ ಹಾಕಿ ಜ್ಯಾಕಿನ ಜೊತೆಯಲ್ಲಿಯೇ ಇಟ್ಟಿರಬೇಕು.